ಅಳಿಸುವುದಕ್ಕೆ ಬೇರೆ ದರ

ಕೆತ್ತುವುದಕ್ಕೆ ಅಕ್ಷರಕ್ಕೆ ಇಷ್ಟು.
ಸೊನ್ನೆಗೂ ಅಕ್ಷರದ್ದೇ ಲೆಕ್ಕ, ಚುಕ್ಕೆ ಪುಕ್ಕಟೆ.
ಅಳಿಸುವುದಕ್ಕೆ ಬೇರೆ ದರ.
ಮಟನ್ ಸ್ಟ್ರೀಟಿನ ಈ ಅಟ್ಟದ ಮೇಲೆ
ಮೂವತ್ತೊಂದು ವರ್ಷದಿಂದ ಹೀಗೇ ಹೇಳುತ್ತೇನೆ,
ಅಂಕೋಲೆಯ ನಾಲಿಗೆ, ಮುಂಬಯಿಯ ಹಿಂದಿ.

ಬೆಳಿಗ್ಗೆ ಮುಸ್ತನ್ಸಿರ್ ಭಾಯಿ
ಹಳೆ ಲುಂಗಿಯಲ್ಲಿ ಸುತ್ತಿ ತಂದ ಹರಿವಾಣ.
ಅಂಚಿಗೆ ದ್ರಾಕ್ಷಿ ಬಳ್ಳಿ, ಅಡಿಗೆ ನಾಲ್ಕು ಸಿಂಹಪಾದ,
ಅದರಲ್ಲೊಂದು ಬೇರೆ ಸಿಂಹದ್ದು, ಆಮೇಲೆ ಬೆಸೆದದ್ದು.
ನಡುವೆ ಲಾಳದಂತೆ ಬಾಗಿದ ಇಂಗ್ಲಿಷು:
ಪಾರ್ಕಿನ್ಸನ್ ಸಾಹೇಬರಿಗೆ, ಹದಿನೆಂಟು ವರ್ಷದ ಸೇವೆಗೆ,
ಹತ್ತಿ ಗೋದಾಮಿನ ಗುಮಾಸ್ತರು,
ಸಾವಿರದ ಒಂಬೈನೂರ ಮೂವತ್ತೇಳು.

"ಬಾಂದ್ರಾದಲ್ಲಿ ಹೊಸ ಹೋಟೆಲು, ಗೋಡೆಗೆ ಬೇಕಂತೆ.
ಸಾಹೇಬನನ್ನು ತೆಗೆ, ಹೋಟೆಲಿನ ಹೆಸರು ಹಾಕು.
ನಾಳೆ ಸಂಜೆಗೆ."

ಎಲ್ಲರೂ ಮುಖ ನೋಡುತ್ತಾರೆ, ನಾನು ಮೊದಲು ಬೆನ್ನು.
ಮುಖದಲ್ಲಿ ಬಿನ್ನವತ್ತಳೆ, ಬೆನ್ನಲ್ಲಿ ಸಾಲ.
ಸೂಜಿಯಲ್ಲಿ ಗೀಚಿದ ಗುಜರಾತಿ ಅಂಕಿ:
ತೊಲೆ ಅರವತ್ತೆರಡು.
ಅದರ ಕೆಳಗೆ ಇನ್ನೊಂದು ಕೈ: ಅರವತ್ತೊಂದೂವರೆ.
ಆಮೇಲೆ ಗ್ರಾಮು, ಆಮೇಲೆ ಯಾರದೋ ಸಹಿಯ ಬಾಲ.
ಸಾಹೇಬರ ಜೊತೆ ಹಡಗು ಹತ್ತಲೇ ಇಲ್ಲ ಇದು.
ಗಿರವಿ ಪೆಟ್ಟಿಗೆಗಳಲ್ಲೇ ಮಲಗಿ, ಎದ್ದು, ಮಲಗಿ.

ಆದರೆ ಆ ಅರ್ಧ ತೊಲೆ?
ಬೆಳ್ಳಿ ಬೆವರುವುದಿಲ್ಲ, ಸವೆದರೂ ಅಷ್ಟು ಸವೆಯುವುದಿಲ್ಲ.
ಹೆಬ್ಬೆರಳಲ್ಲಿ ಒತ್ತಿದೆ. ನಡು
ಹಪ್ಪಳದಂತೆ ಮಣಿದು ಟಪ್ಪೆಂದಿತು.
ಮೂಗುಬೊಟ್ಟು ಮಾಡುತ್ತಿದ್ದ ಅಪ್ಪ ಹೇಳಿಕೊಟ್ಟಂತೆ
ತುಟಿಯ ಹತ್ತಿರ ತಂದು ಹಾ ಎಂದೆ.

ಹಬೆಯೊಳಗೆ ಇನ್ನೊಂದು ಬರಹ ಎದ್ದಿತು,
ಸಾಹೇಬರ ಹಿಂದೆ, ಪರದೆಯಾಚೆ ನಿಂತವಳಂತೆ, ಮರಾಠಿಯಲ್ಲಿ:
ಹನ್ನಾಬಾಯಿ ಅಷ್ಟಮ್ಕರ್, ನರ್ಸು, ಇವರಿಗೆ
ನೂಲು ಸುತ್ತುವ ಖಾತೆಯ ಬಾಯಂದಿರಿಂದ
ತಾರೀಖಿಗೆ ಬರುವಷ್ಟರಲ್ಲಿ ಆರಿಹೋಯಿತು.
ಮತ್ತೆ ಉಸಿರು. ಮತ್ತೆ.
ಹದಿನೆಂಟೋ, ಹತ್ತೊಂಬತ್ತೋ. ಜ್ವರದ ವರ್ಷ.

ರೂಪಾಯಿಯೇ ಒಂದು ತೊಲೆ ತೂಗುತ್ತಿದ್ದ ಕಾಲ.
ತಲೆಗೆ ಎರಡಾಣೆ ಎಂದರೂ
ನಾನೂರ ತೊಂಬತ್ತಾರು ಕೈ ಬೇಕು, ಮಜೂರಿ ಬಿಟ್ಟು.
ಒಂದೇ ಖೋಲಿಯಲ್ಲಿ ಇದನ್ನು ಎಲ್ಲಿ ಒರಗಿಸಿಟ್ಟಳು?
ಇದರ ಮೇಲೆ ಏನನ್ನಿಟ್ಟು ಯಾರಿಗೆ ಕೊಟ್ಟಳು?
ಯಾವ ತಿಂಗಳ ಬಾಡಿಗೆಗೆ, ಸೆರಗಿನಡಿ ಹಿಡಿದು,
ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದಳು?
ಬೆನ್ನು ಅಷ್ಟೆಲ್ಲ ಹೇಳುವುದಿಲ್ಲ.

ಅವಳನ್ನು ಹೆರೆದವನು ನನ್ನಂಥವನೇ ಒಬ್ಬ.
ಕೆಲಸ ಅಚ್ಚುಕಟ್ಟು, ಹೊಟ್ಟೆಕಿಚ್ಚಾಗುವಷ್ಟು.
ಹೆರೆದ ಪುಡಿ ಕಸದ ಜೊತೆ ಗಟಾರಕ್ಕೆ,
ನಸುಕಿನಲ್ಲಿ ಝವೇರಿ ಬಜಾರಿನ ಕೆಸರು
ಬಾಣಲೆಯಲ್ಲಿ ಜಾಲಿಸುವವರು ಜಾಲಿಸಿ
ಅರ್ಧ ತೊಲೆ ಹನ್ನಾಬಾಯಿಯನ್ನು ಕರಗಿಸಿ
ಯಾರದೋ ಕಾಲುಂಗುರಕ್ಕೆ ಸೇರಿಸಿರಬೇಕು.
ಅವಳೇ ಹೆರಿಗೆ ಮಾಡಿಸಿದ ಮಗುವಿನ ಕಾಲಿಗೆ
ಎಂದರೆ ಚಂದ. ನನಗೆ ಗೊತ್ತಿಲ್ಲ.

ಭಾಯಿಗೆ ಫೋನು ಮಾಡಿದೆ.
ಇನ್ನೊಮ್ಮೆ ಹೆರೆದರೆ ತೂತು ಬೀಳುತ್ತದೆ.
"ಹಿಂದಿನಿಂದ ತೇಪೆ ಹಾಕು."
ತೇಪೆಗೆ ಬೆಂಕಿ ಬೇಕು, ಬೆಂಕಿಗೆ ಬಳ್ಳಿ ಬಾಡುತ್ತದೆ.
ಇದು ಅರ್ಧ ಸುಳ್ಳು. ನನ್ನ ಕೈ ಅಷ್ಟು ಕಚ್ಚಾ ಅಲ್ಲ.
ಆ ಕಡೆ ಸ್ವಲ್ಪ ಹೊತ್ತು ಬರೀ ಹಾರ್ನುಗಳು.
"ಇರಲಿ ಬಿಡು ಸಾಹೇಬ. ಹಳತೆಂದರೆ ಅವರಿಗೂ ಖುಷಿಯೇ.
ಹೆಸರು ಅಂಚಿಗೆ ಹಾಕು."

ಹನ್ನೊಂದು ಅಕ್ಷರ, ಎಲೆಗಳ ಸಂದಿಯಲ್ಲಿ.
ದುಡ್ಡು ಅಷ್ಟಕ್ಕೇ ತೆಗೆದುಕೊಂಡೆ.

ಈಗ ಅದು ಬಾಂದ್ರಾದ ಏಸಿ ಗೋಡೆಯ ಮೇಲೆ ತಣ್ಣಗಿದೆ.
ಆಗಸ್ಟಿನ ಒಂದು ಮಧ್ಯಾಹ್ನ ಯಾರಾದರೂ ಮರೆತು
ಸಮುದ್ರದ ಕಡೆಯ ಬಾಗಿಲು ತೆರೆದಿಟ್ಟರೆ
ಊರಿಗೆ ಊರೇ ಒಮ್ಮೆ ಹಾ ಎನ್ನುತ್ತದೆ.
ಆಗ ಮೇಜು ಒರೆಸುವ ಹುಡುಗ ತಲೆಯೆತ್ತಿದರೆ,
ಮರಾಠಿ ಬಲ್ಲವನಾದರೆ,
ಬೇಗ ಓದಬೇಕು.