ಮೂರೂ ಒಂದೇ ಬರಬೇಕಂತೆ

ಅಸಿಡಿಟಿ ಮಾತ್ರೆಯ ಹೆಸರು ಅಚ್ಚಾದ ಪ್ಯಾಡಿನಲ್ಲಿ
ಆಮ್ಲ, ಪ್ರತ್ಯಾಮ್ಲ ಬರೆಯುತ್ತೇನೆ.
ಮೆಡಿಕಲ್ ರೆಪ್ಪು ಡಾಕ್ಟರಿಗೆ ಕೊಟ್ಟದ್ದು,
ಡಾಕ್ಟರು ಕೌಂಟರಿನ ಮೇಲೆ ಮರೆತದ್ದು,
ಕಸದ ಬುಟ್ಟಿಗಿಂತ ಮುಂಚೆ ನನಗೆ ಸಿಕ್ಕಿದ್ದು.
ಹಿಂಬದಿ ಪೂರ್ತಿ ಖಾಲಿ.

ಮಂಡ್ಯದ ನೂರಡಿ ರಸ್ತೆಯ ನರ್ಸಿಂಗ್ ಹೋಮಿನಲ್ಲಿ
ನಾನು ಆಯಾ. ಎಂಟು ವರ್ಷ.
ಬೆಡ್‌ಪ್ಯಾನು, ಫಿನಾಯಿಲು, ಕಂಡವರ ನೆತ್ತರಿನ ಬಟ್ಟೆ.
ಮೈ ಒರೆಸಬಹುದು, ಬಾಯಿಗೆ ಗಂಜಿ ಬಿಡಬಹುದು,
ಸತ್ತವರ ರೆಪ್ಪೆ ಮುಚ್ಚಬಹುದು.
ಸೂಜಿಯ ಹತ್ತಿರ ಮಾತ್ರ ಹೋಗುವಂತಿಲ್ಲ.

ಹೋದ ಕಾರ್ತೀಕದ ಒಂದು ರಾತ್ರಿ, ಮೂರು ಗಂಟೆ.
ಕೀಲಾರದ ಮಂಚೇಗೌಡರ ಡ್ರಿಪ್ಪು ಮುಗಿದು
ನೆತ್ತರು ಪೈಪಿನಲ್ಲಿ ಹಿಂದಕ್ಕೆ ಹತ್ತುತ್ತಿತ್ತು,
ಕೆಂಜಿಗದ ಸಾಲಿನ ಹಾಗೆ, ಆತುರವಿಲ್ಲದೆ.
ತಿರುಗಿಸಬೇಕಾದ ಪುಟ್ಟ ಚಕ್ರ
ನನ್ನ ಹೆಬ್ಬೆರಳಿಂದ ಒಂದು ಗೇಣು.
ಗೊತ್ತಿತ್ತು ನನಗೆ. ಎಷ್ಟು ಸಲ ನೋಡಿಲ್ಲ!
ಆದರೂ ಕೈ ಸೆರಗಿಗೆ ಒರೆಸಿಕೊಂಡು
ಸಿಸ್ಟರ್, ಸಿಸ್ಟರ್ ಎಂದು ಕಾರಿಡಾರಿನುದ್ದ ಓಡಿದೆ.
ಮುದುಕರಿಗೆ ಏನೂ ಆಗಲಿಲ್ಲ.
ಬೆಳಿಗ್ಗೆ ಎರಡು ಇಡ್ಲಿ ತಿಂದು
"ಯಾಕವ್ವ ಅಂಗೆ ಓಡ್ದೆ?" ಅಂತ ನಕ್ಕರು.
ನನಗೆ ಏನೋ ಆಗಿತ್ತು.

ಬಿಎಸ್ಸಿ ನರ್ಸಿಂಗಿಗೆ ಆರ್ಟ್ಸಿನ ಪಿಯುಸಿ ನಡೆಯುವುದಿಲ್ಲವಂತೆ.
ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ,
ಮತ್ತೆ ಮೊದಲಿನಿಂದ, ಓಪನ್ ಸ್ಕೂಲಿನಲ್ಲಿ.
ಕದಂಬರ ಇಸವಿ ಬಾಯಿಪಾಠ ಮಾಡಿದ ತಲೆಗೆ
ಮೋಲ್ ಅಂದರೇನೆಂದು ಇಳಿಯಲು
ಒಂದು ಮಳೆಗಾಲ ಹಿಡಿಯಿತು.
"ಲೈಟ್ ಆರ್ಸೇ, ಮೀಟ್ರು ಓಡ್ತದೆ" ಅನ್ನುವ ಅತ್ತಿಗೆ
ಬೈಯುತ್ತ ಬೈಯುತ್ತಲೇ ಚೀಟಿ ಎತ್ತಿ
ಪರೀಕ್ಷೆ ಫೀಜು ಕಟ್ಟಿದಳು.

ಛಲ ಇದೆ ನಿನಗೆ ಅನ್ನುತ್ತಾರೆ ಜಯಶೀಲಾ ಸಿಸ್ಟರು.
ಎಲ್ಲಿದೆಯೋ, ನಾನು ಕಂಡಿಲ್ಲ.
ಎಷ್ಟೋ ರಾತ್ರಿ ಪುಸ್ತಕ ಬರೀ ತಲೆದಿಂಬು.
ಒಂದು ವಾರ ಪೂರ್ತಿ ಅದನ್ನು
ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ,
ಕಣ್ಣಿಗೆ ಬೀಳದಿರಲಿ ಅಂತ.
ಎಂಟನೇ ದಿನ ಅಕ್ಕಿ ಮುಗಿಯಿತು.

ಭಾನುವಾರ ರಾತ್ರಿಪಾಳಿ ಇಳಿದು ಮೈಸೂರಿಗೆ ಪ್ಯಾಸೆಂಜರು.
ಯಲಿಯೂರಿಗೆ ಲಿಥಿಯಂ, ಪಾಂಡವಪುರಕ್ಕೆ ಸೋಡಿಯಂ,
ಶ್ರೀರಂಗಪಟ್ಟಣದ ಸೇತುವೆಗೆ ಪೊಟ್ಯಾಸಿಯಂ.
ನೀರಿಗೆ ಬಿದ್ದರೆ ಹತ್ತಿ ಉರಿಯುತ್ತದಂತೆ ಅದು;
ಕಿಟಕಿಯಿಂದ ಹೊಳೆಯನ್ನು ಸ್ವಲ್ಪ ಹೆದರಿಯೇ ನೋಡಿದೆ.
ನಾಗನಹಳ್ಳಿಯಲ್ಲಿ ನಿದ್ದೆ.
ಅದಕ್ಕೇ ಇರಬೇಕು, ರುಬಿಡಿಯಂ
ಇವತ್ತಿಗೂ ನಾಲಿಗೆಗೆ ಬರುವುದಿಲ್ಲ.

ಲ್ಯಾಬಿನಲ್ಲಿ ಹದಿನೇಳು ಹದಿನೆಂಟರ ಮಕ್ಕಳು.
"ಆಂಟಿ, ಸ್ವಲ್ಪ ಜರುಗಿ" ಅನ್ನುತ್ತವೆ.
ಜರುಗುತ್ತೇನೆ. ನನಗಿನ್ನೂ ಇಪ್ಪತ್ತೊಂಬತ್ತು.
ಬ್ಯೂರೆಟ್ಟಿನೊಳಗೆ ಪರ್ಮಾಂಗನೇಟು.
ಇದು ನನಗೆ ಹಳೇ ಪರಿಚಯ:
ಸಕ್ಕರೆ ಕಾಯಿಲೆಯವರ ಹುಣ್ಣಿನ ಕಾಲು
ಇದೇ ನೇರಳೆ ನೀರಿನಲ್ಲಿ ಎಷ್ಟು ನೆನೆಸಿದ್ದೇನೆ.
ಇಲ್ಲಿ ಗಾಜಿನಲ್ಲಿ ನಿಂತು
ಗುರುತೇ ಇಲ್ಲದವರ ಹಾಗೆ ನೋಡುತ್ತದೆ.

ಬಿಸಿ ಫ್ಲಾಸ್ಕಿಗೆ ತೊಟ್ಟು.
ಗುಲಾಬಿ ಬಂತು, ಹೋಯಿತು.
ತೊಟ್ಟು. ಬಂತು, ಹೋಯಿತು.
ಆಲೆಮನೆಯಲ್ಲಿ ಅಪ್ಪ ಪಾಕ ನೋಡುತ್ತಿದ್ದದ್ದು ಹೀಗೇ,
ತಟ್ಟೆಯ ನೀರಿಗೆ ಚೂರು ಬಿಟ್ಟು, ಉರುಟಿ,
ಇಲ್ಲ ಎಂದು ತಲೆಯಾಡಿಸಿ,
ಮತ್ತೆ ಕೊಪ್ಪರಿಗೆಯ ಮುಂದೆ ಕುಕ್ಕುರುಗಾಲು.
ಒಂದು ಗಳಿಗೆ ಮುಂಚೆ ಇಳಿಸಿದರೆ ನೀರುಬೆಲ್ಲ,
ತಡವಾದರೆ ಸೀದದ್ದು.
ತೊಟ್ಟು. ಬಂತು.
ಹೋಗಲಿಲ್ಲ.

ಯಾರಿಗೆ ಹೇಳಲಿ? ಪಕ್ಕದ ಹುಡುಗ ಮೊಬೈಲಿನಲ್ಲಿದ್ದ.
ಸರ್ ಬಗ್ಗಿ ಓದಿದರು: ಹದಿಮೂರು ಪಾಯಿಂಟ್ ಎರಡು.
"ಸರಿ ಇದೆ. ಇನ್ನೆರಡು ಸಲ ತೆಗೀರಿ,
ಮೂರೂ ಒಂದೇ ಬರಬೇಕು."

ಫ್ಲಾಸ್ಕು ತೊಳೆದೆ.
ತೊಳೆಯುವುದು ನನಗೆ ಚೆನ್ನಾಗಿ ಬರುತ್ತದೆ.