ತತ್ತಿ ಸುಲಿಯೋ ಹೊತ್ತು

ಬುಧವಾರ ತತ್ತಿ.
ಖಾಜಾಬಿ ಬುಟ್ಟಿ ಇಳಿಸ್ತಾಳ, ಇಪ್ಪತ್ತೆರಡು,
ಬಿಸಿ ಇನ್ನೂ ಆರಿರೋದಿಲ್ಲ.
ಹನ್ನೆರಡು ವರ್ಷ ನಾವಿಬ್ಬರೇ ಸುಲಿದೇವು,
ಗೋಡೆಗೆ ಬೆನ್ನು ಹಚ್ಚಿ ಕುಂತು,
ಹಸಿ ತೊಗರಿಕಾಯಿ ಬಿಡಿಸಿದಂಗ,
ಬಾಯಾಗ ಶಹಾಬಾದಿನ ಸುದ್ದಿ ಎಲ್ಲಾ,
ಕೈಗೆ ಅದರ ಪಾಡು ಅದಕ್ಕ.
ಒಂದು ಗೀರು ಇಲ್ಲದ ಬಿಳೀ ತತ್ತಿ.
ಮಕ್ಕಳು ಬಾಯಿ ತೆರೀತಿದ್ವು.
ಬಾಯಿ ತೆರಿಯೋದಷ್ಟೇ ಅವುಗಳ ಕೆಲಸ.

ಆಮ್ಯಾಲೆ ಭಾಗ್ಯವಂತಿ ಬಂದ್ಳು,
ಖಣಿಯಾಗ ಪರಸಿ ಎಬ್ಬಸೋ ಸಾಯಬಣ್ಣನ ಮಗಳು.
ಮೂರು ತುಂಬಿ ನಾಕರಾಗ ಬಿದ್ದಿತ್ತು.
ಸುಲಿದ ತತ್ತಿ ತಾಟಿನಾಗ ಇಟ್ರ
ಹೊರಳಿಸಿ ಮರಳಿಸಿ ನೋಡಿ ಕೇಳಿದ್ಳು,
"ಇದರ ಅಂಗಿ ಯಾರು ಬಿಚ್ಚಿದ್ರು?"
ಎದ್ದು ಹೋಗಿ, ಕಸದ ಬಕೆಟ್ಟಿನಾಗಿನ ಸಿಪ್ಪಿ ಆರಿಸಿ ತಂದು
ಒಂದೊಂದೇ ಮತ್ತ ಅದಕ್ಕ ತೊಡಸ್ಲಾಕ ಕುಂತ್ಳು.
ನಿಲ್ಲಲಿಲ್ಲ ಸಿಪ್ಪಿ. ತಿನ್ನಲಿಲ್ಲ ಕೂಸು.

ಹಟ, ಅಂದ್ಳು ಖಾಜಾಬಿ.
ಹಟಾನೇ, ಅಂದೆ ನಾನೂ.
ಮುಂದಿನ ಬುಧವಾರನೂ ಅದೇ ಹಟ.
ಮೂರನೇ ಬುಧವಾರಕ್ಕ ನನಗ
ಹೆಸರು ತಪ್ಪಿಟ್ಟೀನೇನೋ ಅನ್ನಿಸ್ತು.

ಸಿಪ್ಪಿ ಸಮೇತ ಕೊಟ್ಟೆ.
ಕಲ್ಲಿನ ನೆಲಕ್ಕ ಕುಟ್ಟಿದ್ಳು, ಕಿವಿ ಹಚ್ಚಿ ಕೇಳಿದ್ಳು,
ಅವರಪ್ಪ ಉಳಿ ಬಡದು ಪದರು ಕೇಳಿದಂಗ.
ಉಗುರು ಇಳೀಲಿಲ್ಲ. ಜಾರಿತು. ಉರುಳಿತು.
ಬಾಗಲತನಕ ಅದರ ಹಿಂದ ಹೋದ್ಳು.
ನನ್ನ ಕೈ ಕಡೀಲಾಕ ಹತ್ತಿದ್ವು.
ಸೆರಗಿನಾಗ ಸುತ್ತಿ ಬೆನ್ನ ಹಿಂದ ಹಾಕಿದೆ,
ಕಳ್ಳರನ್ನ ಕಟ್ಟಿ ಕುಂಡಿಸಿದಂಗ.
"ದಪ್ಪ ತುದಿ ಬಡದು ನೋಡವ್ವ,
ಅಲ್ಲಿ ಒಳಗ ಗಾಳಿ ಕುಂತಿರ್ತದ."
ಅಷ್ಟೇ ಅಂದೆ. ಆ ದಿನದ ಪಾಠ ಅಷ್ಟೇ.
ಉಳಿದದ್ದು ಸುಮ್ಮನಿರೋದು,
ಅದಕ್ಕ ಯಾವ ತರಬೇತಿನೂ ನನಗ ಸಾಲಲಿಲ್ಲ.

ಅರ್ಧ ಬಿಳುಪು ಸಿಪ್ಪಿ ಜೋಡಿ ಹೋಯಿತು.
ಉಳಿದದ್ದು ಇಲಿ ಕಡದ ಬಟಾಟಿ ಹಂಗ.
ಎರಡೂ ಕೈಲೆ ಎತ್ತಿ ಹಿಡದ್ಳು.
ಶಭಾಷ್ ಅನ್ನಬೇಕಂತಿದ್ದೆ;
ಆಕಿ ನನ್ನ ಕಡೀ ನೋಡಲಿಲ್ಲ,
ತತ್ತಿ ನೋಡ್ಲತ್ತಿದ್ಳು.

ಈಗ ಇಪ್ಪತ್ತೆರಡೂ ಮಕ್ಕಳು ತಾವೇ ಸುಲೀತಾವ.
ಮೌನೇಶನ ಮನ್ಯಾಗ ತತ್ತಿ ನಡಿಯಂಗಿಲ್ಲ,
ಅವನಿಗೆ ಬಾಳೆಹಣ್ಣು.
"ತಿನ್ನಂಗಿಲ್ಲ ಟೀಚರ್, ಖರೆ ಸುಲೀತೀನಿ" ಅಂದ.
ಅವರವ್ವನ್ನ ಕೇಳಿದೆ. ಒಂದು ದಿನ ಬಿಟ್ಟು ಅಂದ್ಳು,
"ಕೈ ತೊಳಿಸಿ ಕಳಸ್ರಿ."
ಜುಬೇದಾಗ ಸುಲಿಯೋದು ಬ್ಯಾಡ, ಯಾರೂ ಮುಟ್ಟೋದೂ ಬ್ಯಾಡ,
ಕಿಸೆದಾಗ ಇಟ್ಕೊಂಡು ಅಡ್ಡಾಡ್ತಾಳ.
ಮತ್ತ ಯಾರೋ ಒಬ್ಬರ ಅಜ್ಜಿ ಬಂದು ಬೈತಾಳ:
"ಕೆಲಸ ಮಾಡಿಸ್ಲಾಕ ಪಗಾರ ತಗೋತೀಯೇನ?"
ನೆಲದ ತುಂಬ ಸಿಪ್ಪಿ, ಇರುವಿ ಸಾಲು,
ಖಾಜಾಬಿ ಕಸಬರಿಗಿ ಹಿಡದು ನನ್ನನ್ನ ನೋಡೋ ನೋಟ.

ಮ್ಯಾಲ್ವಿಚಾರಕಿ ಜೀಪು ಬಂದ ದಿನ ಒಮ್ಮೆ
ಅಂಜಿ, ನಾನೇ ಸರಸರ ಸುಲಿದೆ. ಸುಳ್ಳ್ಯಾಕ ಹೇಳ್ಲಿ?
ರಜಿಸ್ಟರಿನಾಗ ತೂಕದ ಖಾನಿ ಅದ, ಎತ್ತರದ ಖಾನಿ ಅದ,
ಒಂದು ತತ್ತಿಗೆ ಹದಿನೇಳು ನಿಮಿಷ ಹಿಡೀತಂತ
ಬರೀಲಾಕ ಜಾಗ ಇಲ್ಲ.

ನಿನ್ನೆ ಎಲ್ಲಾರ ಊಟ ಮುಗದಿತ್ತು.
ಒಬ್ಬಾಕಿ ಬಂದಿರಲಿಲ್ಲ, ಒಂದು ತತ್ತಿ ಉಳದಿತ್ತು.
ನಾ ತಗೊಂಡು ಕುಂತೆ, ಸುಡುಸುಡು.
ಭಾಗ್ಯವಂತಿ ಬಂದು ಮುಂದ ನಿಂತ್ಳು,
"ನಾ ಸುಲೀಲಿ?"
"ಬ್ಯಾಡವ್ವ, ನಾನೇ ಸುಲಕೋತೀನಿ."
ಹೂಂ ಅಂದ್ಳು.
ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡ್ಳು.
ನನ್ನ ಉಗುರು ಜಾರಿದಾಗ ಆಕಿ ಭುಜ ಸಣ್ಣಗ ಅಲುಗಿದ್ವು,
ಆದ್ರೂ ಕೈ ಮುಂದ ಬರಲಿಲ್ಲ.
"ದಪ್ಪ ತುದಿ," ಅಂದ್ಳು.
ಆಮ್ಯಾಲೆ ಸುಮ್ಮನಾದ್ಳು.