ಬುಡೇನ್ ಸಾಬರ ಸ್ಕ್ರೂಡ್ರೈವರ್

ಚಳ್ಳಕೆರೆ ಗೇಟಿನಾಚೆ, ಮೂರು ಟೈರಂಗಡಿ ದಾಟಿ ನಮ್ಮ ಶೆಡ್ಡು.
ಬೆಳಗಿನ ಏಳಕ್ಕೇ ಅದಿರಿನ ಲಾರಿ ಬಂದು ನಿಂತಿದೆ,
ಒಳಗೆ ಬೊಚ್ಚುಬಾಯಿಯ ಅಜ್ಜಿಯೊಬ್ಬಳು
ಎಲೆಯಡಿಕೆ ಕುಟ್ಟಿದ ಹಾಗೆ
ಟಕ, ಟಕ, ಟಕ.

ಬೇರಿಂಗ್ ಹೋಯ್ತು, ಎಂಜಿನ್ ಮುಗೀತು ಅಂದ ಡ್ರೈವರ್ ತಿಪ್ಪೇಶಿ.
ಪಿಸ್ಟನ್ ಇರಬೇಕು ಅಂದೆ ನಾನು.
ಸಾಬರು ಏನೂ ಅನ್ನಲಿಲ್ಲ.
ಚಾ ಲೋಟ ಬಂಪರಿನ ಮೇಲಿಟ್ಟು
ಚಾದ ಮೇಲೆದ್ದ ಉಂಗುರ ನೋಡಿದರು, ತುಂಬಾ ಹೊತ್ತು.
"ಎರಡು ಸುತ್ತಿಗೆ ಒಂದೇ ಏಟು. ಕೆಳಗಿಂದಲ್ಲ, ಮೇಲಿಂದು."

ಆಮೇಲೆ ಆ ಒಂದೂವರೆ ಅಡಿ ಸ್ಕ್ರೂಡ್ರೈವರ್.
ಬೇರೆ ಮೇಸ್ತ್ರಿಗಳು ಅದರ ಹಿಡಿ ಕಿವಿಗೆ ಒತ್ತುತ್ತಾರೆ;
ಇವರು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾರೆ.
ಸ್ಟೈಲು ಅಂದುಕೊಂಡಿದ್ದೆ ನಾಲ್ಕು ವರ್ಷ.
ಅವರಿಲ್ಲದಾಗ ನಾನೂ ಕಚ್ಚಿದ್ದೇನೆ:
ಗ್ರೀಸು, ಉಪ್ಪು, ಹಳೇ ಮರದ ಒಗರು.

ಮುಚ್ಚಳ ಬಿಚ್ಚಿದೆ. ಹನ್ನೆರಡು ರಾಕರ್
ಏತದ ಮರದ ಹಾಗೆ ಏಳುತ್ತ ಬೀಳುತ್ತ.
ಒಂದೊಂದರ ಅಡಿಗೂ ಫೀಲರ್ ಗೇಜಿನ ಎಲೆ ತೂರಿಸಿ
ಪ್ರತಿ ಸಲ ನನ್ನ ಮುಖ ನೋಡಿದರು.
ಮೊದಲನೇದು, ಟಕ. ಎರಡು, ಟಕ.
ಐದಕ್ಕೆ ಸದ್ದು ನಿಂತಿತು.
ನನ್ನ ಹುಬ್ಬು ಏರಿತೇನೋ, ಅವರು ನಕ್ಕರು.

ಬಿಗಿ ಮಾಡಿಬಿಡ್ಲಾ ಅಂತ ಸ್ಪ್ಯಾನರ್ ಎತ್ತಿದರೆ ಕೈ ತಡೆದರು.
"ಸಡಿಲಾದ ವಾಲ್ವು ಬಾಯಿಬಿಟ್ಟು ಹೇಳ್ತೈತೆ ಪಾಲಯ್ಯ.
ಬಿಗಿಯಾದದ್ದು ಹೇಳಲ್ಲ. ಒಳಗೇ ಸುಟ್ಕೊಂಡು ಹೋಗ್ತೈತೆ."

ಆಗಲೇ ಹಿಂದೆ ಬಂದ ಟ್ಯಾಂಕರು ಏರ್ ಹಾರ್ನ್ ಒತ್ತಿದ್ದು.
ತಿಪ್ಪೇಶಿ ಹಾರಿಬಿದ್ದ, ನನ್ನ ಕೈಯ ಸ್ಪ್ಯಾನರ್ ನೆಲಕ್ಕೆ.
ಸಾಬರ ರೆಪ್ಪೆ ಕೂಡ ಅಲುಗಲಿಲ್ಲ.

ಓಹ್.
ಚಾ ಲೋಟ. ಹಲ್ಲು. ನನ್ನ ಮುಖ.
ಸಂಬಳ ಜಾಸ್ತಿ ಮಾಡಿ ಅಂತ
ಬೆನ್ನ ಹಿಂದೆ ನಿಂತು ಎರಡು ಸಲ ಕೇಳಿ
ಉತ್ತರ ಬರದೆ ವಾರಗಟ್ಟಲೆ ಮುನಿಸಿಕೊಂಡಿದ್ದೆನಲ್ಲ.

ಸಂಜೆ ಶಾಫ್ಟ್ ಎಳೆದು ನೋಡಿದರೆ
ಎಣ್ಣೆ ತೂತಿಗೆ ಕಪ್ಪು ಮಡ್ಡಿ ಕಟ್ಟಿದೆ,
ಐದನೇ ರಾಕರಿನ ಬುಷ್ ಮೊಟ್ಟೆಯಾಕಾರ ಸವೆದಿದೆ.
ಸಾಬರು ಶಾಫ್ಟಿನ ಗೀರಿನಲ್ಲಿ ಉಗುರು ಆಡಿಸುತ್ತಿದ್ದರು.
ನಾನು ಸುತ್ತಿ ಬಂದು, ಬಲ್ಬಿನ ಬೆಳಕಿಗೆ ಮುಖ ಕೊಟ್ಟು,
ಬಿಡಿಸಿ ಬಿಡಿಸಿ ಅಂದೆ:
ಹೊಸದು ತರ್ತೀನಿ ಸಾಬ್, ಅಂಗಡಿ ಇನ್ನೂ ತೆಗೆದಿರ್ತೈತೆ.

ಅವರು ನನ್ನ ತುಟಿಯನ್ನೇ ನೋಡಿದರು,
ಗೊತ್ತಾಯ್ತಾ ನಿಂಗೆ ಅನ್ನುವ ಹಾಗೆ,
ಜೇಬಿಂದ ದುಡ್ಡು ತೆಗೆದು ಎಣಿಸಿದರು.

ಸಂಬಳದ ಮಾತು ಹಾಗೇ ಇದೆ.
ಎದುರು ನಿಂತು ಕೇಳಬೇಕು.